ಆನ್‌ಲೈನ್‌ನಲ್ಲಿ ಕಂಪ್ಯೂಟರ್ ಕೊಳ್ಳುವ ಮುನ್ನ ಮಾರುವವರು ಯಾರೆಂದು ಕೇಳಿ

ಕಳೆದ ವರ್ಷ ಆಗಸ್ಟ್‌ನಲ್ಲಿ ನಮ್ಮ ಮನೆಯ 13,499 ರೂಪಾಯಿ ಏಳೆಂಟು ನಿಮಿಷದಲ್ಲಿ ಕೈಬಿಟ್ಟು ಹೋಯಿತು. ಕಳೆದವಳು ನಾನೇ.

ನಮ್ಮ ಮನೆ ಹೊಳೆನರಸೀಪುರದಲ್ಲಿದೆ. ಅಬ್ಬಾ ಹೊಲಿಗೆ ಅಂಗಡಿ ನಡೆಸುತ್ತಾರೆ. ಮೇ, ಜೂನ್ ತಿಂಗಳಲ್ಲಿ ಶಾಲಾ ಯೂನಿಫಾರಂ ಹೊಲಿದು ಬಂದ ಹಣವನ್ನು ನನ್ನ ಲ್ಯಾಪ್‌ಟಾಪ್‌ಗೆಂದು ತೆಗೆದಿಟ್ಟಿದ್ದರು. ಪಿಸಿಎಂಸಿ ತೆಗೆದುಕೊಂಡ ಮೇಲೆ ಕಾಲೇಜಿನ ಲ್ಯಾಬ್‌ನಲ್ಲಿ ಸಿಗುವ ಸಮಯ ನನಗೆ ಸಾಲುತ್ತಿರಲಿಲ್ಲ. ಮನೆಯಲ್ಲಿದ್ದ ಅಣ್ಣನ ಹಳೆಯ ಲ್ಯಾಪ್‌ಟಾಪ್ ಆನ್ ಆಗುವುದಕ್ಕೇ ಐದು ನಿಮಿಷ ಬೇಕಿತ್ತು. ಆಗ ಮೊಬೈಲ್‌ನಲ್ಲಿ ಒಂದು ಜಾಹೀರಾತು ಬಂತು. ಸ್ವಾತಂತ್ರ್ಯೋತ್ಸವದ ಮಾರಾಟ, ಶೇ 65ರಷ್ಟು ರಿಯಾಯಿತಿ, ಇನ್ನು ಮೂರೇ ಉಳಿದಿವೆ ಎಂದಿತ್ತು. ಬೇರೆಲ್ಲ ಕಡೆ 38 ಸಾವಿರದ ಆಸುಪಾಸಿನಲ್ಲಿದ್ದ ಲ್ಯಾಪ್‌ಟಾಪ್ ಅಲ್ಲಿ 13,499 ರೂಪಾಯಿಗೆ ಸಿಗುತ್ತಿತ್ತು. ಪಕ್ಕದಲ್ಲಿ ಗಡಿಯಾರವೊಂದು ಸೆಕೆಂಡು ಎಣಿಸುತ್ತಿತ್ತು.

ಅಬ್ಬಾ ಅವರ ಫೋನಿನಿಂದ ಯುಪಿಐ ಮೂಲಕ ಹಣ ಕಳಿಸಿದೆ. ಹಣ ಹೋಗುವ ಮುನ್ನ ಪರದೆಯ ಮೇಲೆ ಬಂದದ್ದು ಅಂಗಡಿಯ ಹೆಸರಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು. ಅದನ್ನು ನೋಡಿದೆ. ನೋಡಿಯೂ ಪಿನ್ ಒತ್ತಿದೆ.

ನಾಲ್ಕು ದಿನದ ನಂತರ ಆ ಜಾಲತಾಣವೇ ತೆರೆಯಲಿಲ್ಲ. ಅವರ ಕಸ್ಟಮರ್ ಕೇರ್ ನಂಬರ್ ಎಂದು ಗೂಗಲ್‌ನಲ್ಲಿ ಹುಡುಕಿ ಒಂದು ನಂಬರಿಗೆ ಕರೆ ಮಾಡಿದೆ. ಆತ "ರೀಫಂಡ್ ಮಾಡ್ತೀವಿ, ಈ ಆ್ಯಪ್ ಹಾಕ್ಕೊಳ್ಳಿ, ನಿಮ್ಮ ಸ್ಕ್ರೀನ್ ನಮಗೆ ಕಾಣಬೇಕು" ಎಂದ. ಅಷ್ಟರಲ್ಲಿ ಅಣ್ಣ ಬಂದು ಫೋನ್ ಕಿತ್ತುಕೊಂಡ. ಇಲ್ಲದಿದ್ದರೆ ಖಾತೆಯಲ್ಲಿ ಉಳಿದದ್ದೂ ಹೋಗುತ್ತಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದು ಆರನೇ ದಿನ. ದೂರು ದಾಖಲಾಯಿತು. ಹಣ ಇನ್ನೂ ಬಂದಿಲ್ಲ.

ಅಬ್ಬಾ ಬೈಯಲಿಲ್ಲ. "ನಾನು ಬಟ್ಟೆಯ ಥಾನು ತರುವಾಗ ಯಾರ ಹತ್ತಿರ ತಂದೆ ಅಂತ ಗೊತ್ತಿರುತ್ತೆ ಬೇಟಿ. ತೂತಿದ್ದರೆ ವಾಪಸ್ ತಗೊಂಡು ಹೋಗಿ ಅವರ ಮುಂದೆ ಹಾಕ್ತೀನಿ. ನೀನು ಯಾರ ಮುಂದೆ ಹಾಕ್ತೀಯಾ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕರು, ಲ್ಯಾಬ್ ಸಹಾಯಕರು, ಅರಕಲಗೂಡು ಮತ್ತು ಚನ್ನರಾಯಪಟ್ಟಣದಿಂದ ಬರುವ ನನ್ನ ಗೆಳತಿಯರು ಇದರಲ್ಲಿ ನೆರವಾಗಿದ್ದಾರೆ.

ಆನ್‌ಲೈನ್ ಅಂಗಡಿ ಎಂದರೆ ಯಾರು?

ನಾವು ಎಲ್ಲವನ್ನೂ "ಆನ್‌ಲೈನಲ್ಲಿ ತಗೊಂಡೆ" ಎಂದು ಒಂದೇ ಮಾತಿನಲ್ಲಿ ಹೇಳುತ್ತೇವೆ. ಆದರೆ ಮಾರುವವರಲ್ಲಿ ಕನಿಷ್ಠ ನಾಲ್ಕು ಬಗೆ ಇದೆ.

ಒಂದು, ಡೆಲ್, ಎಚ್‌ಪಿ, ಲೆನೊವೊದಂಥ ತಯಾರಕರ ಸ್ವಂತ ಜಾಲತಾಣ. ಇಲ್ಲಿ ಬೆಲೆ ಸ್ವಲ್ಪ ಹೆಚ್ಚಿರಬಹುದು, ಆದರೆ ಯಾರು ಹೊಣೆ ಎಂಬುದರಲ್ಲಿ ಗೊಂದಲವಿಲ್ಲ.

ಎರಡು, ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಮಾರುಕಟ್ಟೆ ತಾಣಗಳು. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಾ ಆರಂಭವಾಯಿತು. ಅಮೆಜಾನ್ ಭಾರತದಲ್ಲಿ ತನ್ನ ತಾಣ ತೆರೆದದ್ದು 2013ರ ಜೂನ್‌ನಲ್ಲಿ. ನಮ್ಮ ದೇಶದ ವಿದೇಶಿ ಬಂಡವಾಳದ ನಿಯಮದಂತೆ ಇಂಥ ತಾಣಗಳು ತಮ್ಮದೇ ಸರಕು ದಾಸ್ತಾನು ಮಾಡಿಕೊಂಡು ಗ್ರಾಹಕರಿಗೆ ನೇರವಾಗಿ ಮಾರುವಂತಿಲ್ಲ. ಅವು ಸಂತೆಯ ಮೈದಾನ ಇದ್ದಂತೆ, ಮಳಿಗೆ ಹಾಕಿದವರು ಬೇರೆ ಬೇರೆ ವ್ಯಾಪಾರಿಗಳು. ಒಂದೇ ಎಸ್‌ಎಸ್‌ಡಿಯನ್ನು ಹತ್ತು ಜನ ಮಾರುತ್ತಿರಬಹುದು. ಆದ್ದರಿಂದ ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿರುವ "ಸೋಲ್ಡ್ ಬೈ" ಎಂಬ ಸಾಲನ್ನು ಓದಬೇಕು. ನಿಮಗೆ ಬಿಲ್ ಕೊಡುವವರು ಅವರು. ಆ ಹೆಸರನ್ನು ಒತ್ತಿದರೆ ಅವರ ವಿಳಾಸ, ಗ್ರಾಹಕರ ಅಭಿಪ್ರಾಯ ಕಾಣುತ್ತದೆ. ವಸ್ತುವಿಗೆ ಬಂದ ನಕ್ಷತ್ರ ಬೇರೆ, ಮಾರಾಟಗಾರರಿಗೆ ಬಂದ ನಕ್ಷತ್ರ ಬೇರೆ. ನೋಡಬೇಕಾದದ್ದು ಎರಡನ್ನೂ.

ಮೂರು, ಕಂಪ್ಯೂಟರ್ ಬಿಡಿಭಾಗಗಳನ್ನೇ ಮಾರುವ ಅಂಗಡಿಗಳ ತಾಣಗಳು. ಕೋಲ್ಕತ್ತದ ಎಂಡಿ ಕಂಪ್ಯೂಟರ್ಸ್, ವೇದಾಂತ್ ಕಂಪ್ಯೂಟರ್ಸ್, ಮುಂಬೈನ ಪ್ರೈಮ್ಎಬಿಜಿಬಿ, ಚೆನ್ನೈನ ದಿ ಐಟಿ ಡಿಪೋ ಮೊದಲಾದ ಹೆಸರುಗಳನ್ನು ಪಿಸಿ ಜೋಡಿಸುವವರು ಸಾಮಾನ್ಯವಾಗಿ ಹೇಳುತ್ತಾರೆ. ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್‌ನಂಥವು ಇಲ್ಲಿ ಹೆಚ್ಚು ಬಗೆಯಲ್ಲಿ ಸಿಗುತ್ತವೆ. ಇಲ್ಲಿ ಹೆಸರು ಬರೆದದ್ದು ಶಿಫಾರಸು ಎಂದಲ್ಲ. ಮುಂದೆ ಹೇಳುವ ಪರೀಕ್ಷೆ ಇವರಿಗೂ ಅನ್ವಯಿಸುತ್ತದೆ. ಹೆಸರಾದ ಅಂಗಡಿಯ ಹೆಸರಿಗೆ ಒಂದಕ್ಷರ ಸೇರಿಸಿ ನಕಲಿ ತಾಣ ಮಾಡುವವರೂ ಇರುತ್ತಾರೆ.

ನಾಲ್ಕು, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಫೋಟೊ ಹಾಕಿ ಮಾರುವವರು. ಇವರಲ್ಲಿ ಪ್ರಾಮಾಣಿಕರೂ ಇದ್ದಾರು. ಆದರೆ ವಿಳಾಸ, ಬಿಲ್ ಇಲ್ಲದಿದ್ದರೆ ಯಾರು ಪ್ರಾಮಾಣಿಕರು ಎಂದು ತಿಳಿಯುವ ದಾರಿ ನಮಗಿಲ್ಲ.

ಹೆಸರು, ವಿಳಾಸ, ಜಿಎಸ್‌ಟಿ

ಅಬ್ಬಾ ಕೇಳಿದ ಪ್ರಶ್ನೆಯನ್ನೇ ನಮ್ಮ ಕಾನೂನೂ ಕೇಳುತ್ತದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಮಾರುವ ಪ್ರತಿ ಸಂಸ್ಥೆಯೂ ತನ್ನ ಕಾನೂನುಬದ್ಧ ಹೆಸರು, ಮುಖ್ಯ ಕಚೇರಿಯ ವಿಳಾಸ, ಗ್ರಾಹಕ ಸೇವೆಯ ಸಂಪರ್ಕ, ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ತಾಣದಲ್ಲಿ ಪ್ರಕಟಿಸಬೇಕು. ಮಾರುಕಟ್ಟೆ ತಾಣವಾದರೆ ಒಳಗಿನ ಮಾರಾಟಗಾರರ ಹೆಸರು, ವಿಳಾಸವನ್ನೂ ತೋರಿಸಬೇಕು.

ಈ ವಿವರ ತಾಣದ ತುದಿಯಲ್ಲಿ, ಎಲ್ಲಕ್ಕಿಂತ ಕೆಳಗೆ ಇರುತ್ತದೆ. ನಾನು ಮೋಸ ಹೋದ ತಾಣದಲ್ಲಿ ಇದ್ದದ್ದು ಒಂದು ಜಿಮೇಲ್ ವಿಳಾಸ ಮಾತ್ರ. ಒಮ್ಮೆ ಬೆರಳಿನಿಂದ ಪುಟವನ್ನು ಕೊನೆತನಕ ಎಳೆದಿದ್ದರೆ 13,499 ರೂಪಾಯಿ ಉಳಿಯುತ್ತಿತ್ತು.

ಮುಂದಿನದು ಜಿಎಸ್‌ಟಿ ಸಂಖ್ಯೆ. ಅದರಲ್ಲಿ 15 ಅಕ್ಷರ-ಅಂಕೆಗಳಿರುತ್ತವೆ. ಮೊದಲ ಎರಡು ಅಂಕೆ ರಾಜ್ಯದ್ದು: ಕರ್ನಾಟಕ 29, ಮಹಾರಾಷ್ಟ್ರ 27, ತಮಿಳುನಾಡು 33, ಪಶ್ಚಿಮ ಬಂಗಾಳ 19. ನಂತರದ ಹತ್ತು ಆ ವ್ಯಾಪಾರಿಯ ಪ್ಯಾನ್. ಸರ್ಕಾರದ ಜಿಎಸ್‌ಟಿ ತಾಣದಲ್ಲಿ "ಸರ್ಚ್ ಟ್ಯಾಕ್ಸ್‌ಪೇಯರ್" ಎಂಬಲ್ಲಿ ಈ ಸಂಖ್ಯೆ ಹಾಕಿದರೆ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ಅಥವಾ ರದ್ದಾಗಿದೆಯೇ ಎಂಬುದು ಕಾಣುತ್ತದೆ. ಇದಕ್ಕೆ ಲಾಗಿನ್ ಬೇಡ, ಖರ್ಚೂ ಇಲ್ಲ. ಆದರೆ ಸಂಖ್ಯೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ನಕಲಿ ತಾಣದವರು ಬೇರೆ ಯಾರದೋ ಸಂಖ್ಯೆಯನ್ನು ಕದ್ದು ಹಾಕಿಕೊಳ್ಳಬಹುದು. ತಾಣದಲ್ಲಿರುವ ಹೆಸರು, ಜಿಎಸ್‌ಟಿಯಲ್ಲಿರುವ ಹೆಸರು, ಹಣ ಪಡೆಯುವವರ ಹೆಸರು ಈ ಮೂರೂ ಒಂದಕ್ಕೊಂದು ಹೊಂದಬೇಕು. ಚಪ್ಪಲಿ ವ್ಯಾಪಾರಿಯ ಸಂಖ್ಯೆಯಲ್ಲಿ ಲ್ಯಾಪ್‌ಟಾಪ್ ಮಾರುತ್ತಿದ್ದರೆ ಅಲ್ಲೇ ನಿಲ್ಲಿಸಿ.

ತಾಣದ ವಯಸ್ಸನ್ನೂ ನೋಡಬಹುದು. "ಹೂ ಈಸ್" ಎಂಬ ಹುಡುಕಾಟದಲ್ಲಿ ತಾಣದ ಹೆಸರು ಹಾಕಿದರೆ ಅದು ಯಾವ ದಿನ ನೋಂದಣಿಯಾಯಿತು ಎಂದು ತೋರಿಸುತ್ತದೆ. "ಹತ್ತು ವರ್ಷದಿಂದ ನಿಮ್ಮ ಸೇವೆಯಲ್ಲಿ" ಎಂದು ಬರೆದುಕೊಂಡ ತಾಣ ಕಳೆದ ತಿಂಗಳು ಹುಟ್ಟಿದ್ದರೆ ಉಳಿದದ್ದನ್ನು ನೋಡುವ ಅಗತ್ಯವಿಲ್ಲ.

ವಿಳಾಸದ ಪಕ್ಕದ ಬೀಗದ ಗುರುತಿನ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಇದೆ. ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಓದಲಾರರು ಎಂಬುದಷ್ಟೇ ಅದರ ಅರ್ಥ. ಆ ಕಡೆ ಕುಳಿತವನು ಕಳ್ಳನೋ ಸಂಭಾವಿತನೋ ಎಂಬುದನ್ನು ಬೀಗ ಹೇಳುವುದಿಲ್ಲ.

ಅಗ್ಗ ಎಂದರೆ ಎಷ್ಟು ಅಗ್ಗ?

ಕಂಪ್ಯೂಟರ್ ವ್ಯಾಪಾರದಲ್ಲಿ ಲಾಭದ ಅಂಚು ತುಂಬಾ ಕಡಿಮೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ, ಅಂದರೆ ಸಾದರ್ ಪತ್ರಪ್ಪ ರಸ್ತೆಯಲ್ಲಿ, ಸಾಲುಸಾಲಾಗಿ ಕಂಪ್ಯೂಟರ್ ಅಂಗಡಿಗಳಿವೆ. ಅಷ್ಟು ಪೈಪೋಟಿ ಇರುವ ಕಡೆಯೂ ಹೊಸ ಲ್ಯಾಪ್‌ಟಾಪ್ ಮೂರನೇ ಒಂದು ಬೆಲೆಗೆ ಸಿಗುವುದಿಲ್ಲ. ಒಂದೇ ಮಾದರಿಯ ಬೆಲೆಯನ್ನು ನಾಲ್ಕೈದು ಕಡೆ ನೋಡಿ. ಸಾವಿರ, ಎರಡು ಸಾವಿರದ ವ್ಯತ್ಯಾಸ ಸಹಜ. ಒಂದೇ ಒಂದು ಕಡೆ ಅರ್ಧಕ್ಕಿಂತ ಕಡಿಮೆ ಇದ್ದರೆ ಅದು ಹಳೆಯದು, ನಕಲಿ ಅಥವಾ ಸುಳ್ಳು. ಈ ಮೂರರಲ್ಲಿ ಯಾವುದೆಂದು ಹಣ ಕೊಟ್ಟ ಮೇಲೆ ತಿಳಿಯುವುದು ಬೇಡ.

ಬೆಲೆ ಹೋಲಿಸುವಾಗ ತೆರಿಗೆ ಸೇರಿದೆಯೇ ಎಂದು ನೋಡಿ. ಲ್ಯಾಪ್‌ಟಾಪ್‌ಗೆ ಜಿಎಸ್‌ಟಿ ಶೇ 18. 5,000 ರೂಪಾಯಿಯ ವಸ್ತು ತೆರಿಗೆ ಸೇರಿ 5,900 ಆಗುತ್ತದೆ. ಕರ್ನಾಟಕದ ಮಾರಾಟಗಾರರ ಬಿಲ್‌ನಲ್ಲಿ ಇದು ಶೇ 9 ಕೇಂದ್ರದ್ದು, ಶೇ 9 ರಾಜ್ಯದ್ದು ಎಂದು ಎರಡಾಗಿ ಇರುತ್ತದೆ. ಹೊರರಾಜ್ಯದವರಾದರೆ ಶೇ 18 ಐಜಿಎಸ್‌ಟಿ ಎಂದು ಒಂದೇ ಸಾಲು. "ಬಿಲ್ ಬೇಡ ಅಂದ್ರೆ 900 ಕಡಿಮೆ ಮಾಡ್ತೀವಿ" ಎಂದರೆ ಒಪ್ಪಬೇಡಿ. ವಾರಂಟಿ ಕೇಳುವಾಗಲೂ ದೂರು ಕೊಡುವಾಗಲೂ ಮೊದಲು ಕೇಳುವುದೇ ಬಿಲ್. ಆ 900 ಉಳಿಸಿದರೆ 5,000ಕ್ಕೆ ದಾಖಲೆ ಇಲ್ಲದಂತಾಗುತ್ತದೆ.

ಗಡಿಯಾರ ಓಡಿಸಿ ಅವಸರ ಹುಟ್ಟಿಸುವುದು, ನಾವು ಆರಿಸದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಪುಟದಲ್ಲಿ ಹೊಸ ಶುಲ್ಕ ತೋರಿಸುವುದು ಇವನ್ನೆಲ್ಲ "ಡಾರ್ಕ್ ಪ್ಯಾಟರ್ನ್" ಎನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಅವಸರ ಮಾಡುವ ತಾಣವನ್ನು ಮುಚ್ಚಿ, ಒಂದು ರಾತ್ರಿ ಮಲಗಿ, ಬೆಳಿಗ್ಗೆ ಮತ್ತೆ ನೋಡಿ. ನಿಜವಾದ ಅಂಗಡಿ ಬೆಳಿಗ್ಗೆಯೂ ಇರುತ್ತದೆ.

ಬಿಡಿಭಾಗ ಕೊಳ್ಳುವವರಿಗೆ

ಅರಕಲಗೂಡಿನ ನನ್ನ ಗೆಳತಿ ಲ್ಯಾಪ್‌ಟಾಪ್‌ಗೆಂದು 8 ಜಿಬಿ ರ‍್ಯಾಮ್ ತರಿಸಿದಳು. ಬಂದದ್ದು ಒಳ್ಳೆಯ ಕಂಪನಿಯದೇ, ಅಸಲಿಯೇ. ಆದರೆ ಅದು ಡೆಸ್ಕ್‌ಟಾಪ್‌ನ ಉದ್ದನೆಯ ರ‍್ಯಾಮ್. ಲ್ಯಾಪ್‌ಟಾಪ್‌ಗೆ ಬೇಕಾದದ್ದು "ಎಸ್‌ಒ-ಡಿಮ್" ಎಂಬ ಚಿಕ್ಕದು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚು ಇರುವ ಜಾಗವೇ ಬೇರೆ. ಆ ಮಾರಾಟಗಾರರದು "ರೀಪ್ಲೇಸ್‌ಮೆಂಟ್ ಓನ್ಲಿ" ನಿಯಮ. ಅಂದರೆ ಕೆಟ್ಟಿದ್ದರೆ ಅದೇ ವಸ್ತುವನ್ನು ಬದಲಿಸಿ ಕೊಡುತ್ತಾರೆ, ಹಣ ಮರಳಿಸುವುದಿಲ್ಲ. ಕೆಡದ ವಸ್ತುವನ್ನು ಬದಲಿಸುವುದೂ ಇಲ್ಲ. ಅಂಗಡಿ ನಂಬಿಕಸ್ಥವಾಗಿದ್ದರೂ ನಮ್ಮ ತಪ್ಪಿನ ಹೊಣೆ ನಮ್ಮದೇ. ತರಿಸುವ ಮುನ್ನ "ಸಿಪಿಯು-ಝಡ್" ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಯಂತ್ರದ ರ‍್ಯಾಮ್ ಯಾವ ಬಗೆಯದು, ಎಷ್ಟು ಖಾಲಿ ಸ್ಲಾಟ್ ಇವೆ ಎಂದು ನೋಡಿ. ಆ ಪರದೆಯ ಚಿತ್ರ ತೆಗೆದು ಲ್ಯಾಬ್‌ನಲ್ಲಿ ತೋರಿಸಿದರೆ ನಮ್ಮ ಸರ್ ಹೇಳುತ್ತಾರೆ.

ಪ್ರೊಸೆಸರ್ ಕೊಳ್ಳುವಾಗ "ಬಾಕ್ಸ್" ಮತ್ತು "ಟ್ರೇ" ಎಂಬ ಎರಡು ಪದ ಕಾಣುತ್ತವೆ. ಇಂಟೆಲ್, ಎಎಂಡಿ ಕಂಪನಿಗಳ ಡಬ್ಬಿಯಲ್ಲಿ ಬರುವ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ 3 ವರ್ಷ ಕಂಪನಿಯ ವಾರಂಟಿ ಇರುತ್ತದೆ. ಟ್ರೇ ಎಂದರೆ ಕಂಪ್ಯೂಟರ್ ತಯಾರಕರಿಗೆ ಸಗಟಾಗಿ ಹೋಗುವ ಬಿಡಿ ಸರಕು. ಅದಕ್ಕೆ ಮಾರಿದವರೇ ಹೊಣೆ. ಬೆಲೆ ಕಡಿಮೆ ಇರುವುದು ಇದಕ್ಕೇ. ವಾರಂಟಿ ಎಂಬ ಪದ ಕಂಡಾಗ "ಕಂಪನಿಯದೋ, ಮಾರಾಟಗಾರರದೋ" ಎಂದು ಕೇಳಿ. ಮಾರಾಟಗಾರರ ವಾರಂಟಿ ಆ ಅಂಗಡಿ ಇರುವವರೆಗೆ ಮಾತ್ರ.

ವಿದೇಶದಿಂದ ಬರುವ ಬಿಡಿಭಾಗದ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ತಿಂಗಳು-ವರ್ಷ, ಎಂಆರ್‌ಪಿ, ಗ್ರಾಹಕ ಸೇವೆಯ ಸಂಪರ್ಕ ಇರುವ ಚೀಟಿ ಅಂಟಿಸಿರಬೇಕು. ಅದಿಲ್ಲದಿದ್ದರೆ ವಸ್ತು ಅಸಲಿಯಾಗಿದ್ದರೂ ಇಲ್ಲಿ ವಾರಂಟಿ ಸಿಗದ ಸರಕಾಗಿರಬಹುದು. ಲ್ಯಾಪ್‌ಟಾಪ್ ಮತ್ತು ಅದರ ಅಡಾಪ್ಟರ್ ಮೇಲೆ ಬಿಐಎಸ್ ಗುರುತು ಮತ್ತು "ಆರ್" ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು "ಬಿಐಎಸ್ ಕೇರ್" ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಇನ್ನೂರು ರೂಪಾಯಿಯ ನಕಲಿ ಅಡಾಪ್ಟರ್ ಸುಟ್ಟರೆ ಜೊತೆಗೆ ಮದರ್‌ಬೋರ್ಡನ್ನೂ ಸುಡಬಹುದು.

ಎಲ್ಲಕ್ಕಿಂತ ಹೆಚ್ಚು ನಕಲಿ ಇರುವುದು ಪೆನ್‌ಡ್ರೈವ್ ಮತ್ತು ಎಸ್‌ಎಸ್‌ಡಿಗಳಲ್ಲಿ. "2 ಟಿಬಿ, 499 ರೂಪಾಯಿ" ಎಂದು ಬರುವುದು ಕಂಪ್ಯೂಟರಿನಲ್ಲಿ 2 ಟಿಬಿ ಎಂದೇ ತೋರಿಸುತ್ತದೆ. ಒಳಗಿರುವ ಚಿಪ್ ಚಿಕ್ಕದು, ಸುಳ್ಳು ಹೇಳುವಂತೆ ಅದನ್ನು ಬದಲಿಸಿರುತ್ತಾರೆ. ಜಾಗ ತುಂಬಿದ ಮೇಲೆ ಹೊಸ ಫೈಲು ಹಳೆಯದರ ಮೇಲೆಯೇ ಬರೆಯುತ್ತಾ ಹೋಗುತ್ತದೆ. ನಿಮ್ಮ ಪ್ರಾಜೆಕ್ಟ್ ಅಲ್ಲಿದ್ದರೆ ಅದು ಹೋದಂತೆ. ವಿಂಡೋಸ್‌ನಲ್ಲಿ "ಎಚ್2ಟೆಸ್ಟ್‌ಡಬ್ಲ್ಯು", ಲಿನಕ್ಸ್‌ನಲ್ಲಿ "ಎಫ್3" ಎಂಬ ಉಚಿತ ತಂತ್ರಾಂಶಗಳು ಪೂರ್ತಿ ಜಾಗಕ್ಕೆ ಬರೆದು, ಮತ್ತೆ ಓದಿ, ನಿಜವಾದ ಅಳತೆ ಹೇಳುತ್ತವೆ. ಹೊಸ ಡ್ರೈವ್ ಬಂದ ಮೊದಲ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮುನ್ನವೇ, ಈ ಪರೀಕ್ಷೆ ಮಾಡಿ.

ರೀಫರ್ಬಿಶ್ಡ್ ಲ್ಯಾಪ್‌ಟಾಪ್

ಚನ್ನರಾಯಪಟ್ಟಣದ ಗೆಳತಿ ಕೊಂಡದ್ದು ಕಂಪನಿಯೊಂದರ ಕಚೇರಿಯಲ್ಲಿ ಬಳಸಿ, ದುರಸ್ತಿ ಮಾಡಿ ಮಾರಿದ ಲ್ಯಾಪ್‌ಟಾಪ್. ಅದಕ್ಕೆ ರೀಫರ್ಬಿಶ್ಡ್ ಎನ್ನುತ್ತಾರೆ. ಹಣ ಕಡಿಮೆ ಇರುವ ನಮ್ಮಂಥವರಿಗೆ ಇದು ಕೆಟ್ಟ ಆಯ್ಕೆಯಲ್ಲ. ಅವಳದು ಈಗಲೂ ಚೆನ್ನಾಗಿ ನಡೆಯುತ್ತಿದೆ. ಅವಳು ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆ ಬರೆದು ಇಮೇಲ್ ಮಾಡಿದ್ದಳು: ಪ್ರೊಸೆಸರ್ ಯಾವ ತಲೆಮಾರಿನದು? ಬ್ಯಾಟರಿ ಹೊಸದೇ, ಹಳೆಯದೇ? ವಿಂಡೋಸ್ ಅಧಿಕೃತ ಪ್ರತಿಯೇ? ವಾರಂಟಿ ಎಷ್ಟು ತಿಂಗಳು, ಕಳಿಸುವ ಕೊರಿಯರ್ ಖರ್ಚು ಯಾರದು? ಮೂರು ಅಂಗಡಿಗೆ ಕಳಿಸಿದಳು. ಒಬ್ಬರು ಉತ್ತರಿಸಲಿಲ್ಲ. ಒಬ್ಬರು "ಎಲ್ಲಾ ಓಕೆ ಇದೆ ಮೇಡಂ" ಎಂದರು. ಒಬ್ಬರು ನಾಲ್ಕಕ್ಕೂ ಬಿಡಿಬಿಡಿಯಾಗಿ ಬರೆದರು, ಬ್ಯಾಟರಿ ಹಳೆಯದೆಂದೂ ಒಪ್ಪಿಕೊಂಡರು. ಕೊರತೆಯನ್ನು ತಾವೇ ಹೇಳಿದ ಆ ಮೂರನೆಯವರಲ್ಲೇ ಅವಳು ಕೊಂಡಳು. ಆ ಬರವಣಿಗೆ ಮುಂದೆ ಸಾಕ್ಷಿಯೂ ಆಗುತ್ತದೆ.

ನಮ್ಮ ಊರಿಗೆ ಅವರ ವಾರಂಟಿ ಬರುತ್ತದೆಯೇ?

ಬೆಂಗಳೂರಿನವರಿಗೆ ಈ ಪ್ರಶ್ನೆ ಬರುವುದಿಲ್ಲ, ನಮಗೆ ಬರುತ್ತದೆ. ತಾಣದಲ್ಲಿ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ: ಹಾಸನ 573201, ಹೊಳೆನರಸೀಪುರ 573211, ಅರಕಲಗೂಡು 573102, ಚನ್ನರಾಯಪಟ್ಟಣ 573116. ತಲುಪಿಸುತ್ತಾರೆಯೇ ಎಂಬುದರ ಜೊತೆಗೆ, ವಾಪಸ್ ಬೇಕಾದಾಗ ಮನೆಗೆ ಬಂದು ಒಯ್ಯುತ್ತಾರೆಯೇ ಎಂದೂ ನೋಡಿ. ಕೆಲವರು ತಲುಪಿಸುತ್ತಾರೆ, ವಾಪಸ್ ಒಯ್ಯುವುದಿಲ್ಲ, "ನೀವೇ ಕೊರಿಯರ್ ಮಾಡಿ" ಎನ್ನುತ್ತಾರೆ. ಮಾನಿಟರ್‌ನಂಥ ದೊಡ್ಡ ವಸ್ತುವಿಗೆ ಆ ಖರ್ಚೇ ಉಳಿತಾಯವನ್ನು ನುಂಗುತ್ತದೆ. ಲ್ಯಾಪ್‌ಟಾಪ್ ಆದರೆ ಆ ಕಂಪನಿಯ ತಾಣದಲ್ಲಿ ಇದೇ ಪಿನ್‌ಕೋಡ್ ಹಾಕಿ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ, ಮನೆಗೇ ಬಂದು ದುರಸ್ತಿ ಮಾಡುವ ವಾರಂಟಿ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ.

ಹಣ ಕೊಡುವ ದಾರಿ

ಯುಪಿಐ ಮೂಲಕ ನಾವೇ ಪಿನ್ ಒತ್ತಿ ಕಳಿಸಿದ ಹಣವನ್ನು ಮರಳಿ ತರುವುದು ಕಷ್ಟ. ಕಾರ್ಡ್ ಮೂಲಕ ಕೊಟ್ಟರೆ ವಸ್ತು ಬಾರದಿದ್ದಾಗ ಬ್ಯಾಂಕಿನಲ್ಲಿ ತಕರಾರು ದಾಖಲಿಸುವ ಕ್ರಮವೊಂದಿದೆ. ಹೊಸ ಅಂಗಡಿಯಲ್ಲಿ ಮೊದಲ ಸಲ ಕೊಳ್ಳುವಾಗ ಇದು ಮುಖ್ಯ. ವಸ್ತು ಬಂದಾಗ ಹಣ ಕೊಡುವ ವ್ಯವಸ್ಥೆಯೂ ಪೂರ್ತಿ ಸುರಕ್ಷಿತವಲ್ಲ, ಏಕೆಂದರೆ ಸಾಮಾನ್ಯವಾಗಿ ಹಣ ಕೊಟ್ಟ ಮೇಲೆಯೇ ಡಬ್ಬಿ ತೆರೆಯಲು ಬಿಡುತ್ತಾರೆ. ಕೆಲವು ವಸ್ತುಗಳಿಗೆ ಫ್ಲಿಪ್‌ಕಾರ್ಟ್‌ನಲ್ಲಿರುವಂತೆ "ಓಪನ್ ಬಾಕ್ಸ್ ಡೆಲಿವರಿ" ಇದ್ದರೆ ಅದನ್ನೇ ಆರಿಸಿ. ತಂದವರೇ ನಿಮ್ಮ ಮುಂದೆ ಡಬ್ಬಿ ತೆರೆಯುತ್ತಾರೆ, ಸರಿ ಇದ್ದರೆ ಮಾತ್ರ ಒಟಿಪಿ ಹೇಳಿ. ಇನ್ನೊಂದು ಮಾತು ಮರೆಯಬೇಡಿ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಕಾಗುವುದಿಲ್ಲ. ರೀಫಂಡ್‌ಗೆ ಪಿನ್ ಕೇಳಿದರೆ ಅದು ಮೋಸವೇ.

ಬಡ್ಡಿ ಬೇಡವೆನ್ನುವ ಮನೆಗಳು ನಮ್ಮಲ್ಲಿ ಬಹಳ. ಅಂಥವರು "ನೋ ಕಾಸ್ಟ್ ಇಎಂಐ" ಎಂಬುದನ್ನು ಬಡ್ಡಿಯಿಲ್ಲದ ಸಾಲ ಎಂದು ತಿಳಿಯುವುದುಂಟು. ಸಾಮಾನ್ಯವಾಗಿ ಬ್ಯಾಂಕ್ ಬಡ್ಡಿ ಹಾಕುತ್ತದೆ, ಮಾರಾಟಗಾರರು ಅಷ್ಟನ್ನೇ ಬೆಲೆಯಲ್ಲಿ ಕಡಿತ ಮಾಡಿ ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಮ್ಮ ತಲೆಗೆ ಬರುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಒಪ್ಪುವುದು, ಬಿಡುವುದು ಅವರವರ ಮನೆಯ ತೀರ್ಮಾನ. ಆದರೆ ತಿಳಿದು ತೀರ್ಮಾನಿಸಲಿ.

ಡಬ್ಬಿ ಬಂದ ದಿನ

ಡಬ್ಬಿಯ ಟೇಪ್ ಕತ್ತರಿಸುವ ಮುಂಚೆ ಒಬ್ಬರ ಕೈಗೆ ಫೋನ್ ಕೊಟ್ಟು ವಿಡಿಯೊ ಶುರು ಮಾಡಿ. ಆರು ಬದಿಯನ್ನೂ, ವಿಳಾಸದ ಚೀಟಿಯನ್ನೂ ತೋರಿಸಿ. ನಿಲ್ಲಿಸದೆ ತೆರೆದು ವಸ್ತುವಿನ ಸೀರಿಯಲ್ ನಂಬರ್ ತೋರಿಸಿ. ಡಬ್ಬಿಯ ಮೇಲಿನ, ವಸ್ತುವಿನ ಮೇಲಿನ, ಬಿಲ್‌ನಲ್ಲಿನ ಸಂಖ್ಯೆಗಳು ಒಂದೇ ಆಗಿರಬೇಕು. ನಂತರ ಅದನ್ನು ತಯಾರಕರ ವಾರಂಟಿ ಪುಟದಲ್ಲಿ ಹಾಕಿ. ಇವತ್ತು ಬಂದ "ಹೊಸ" ಲ್ಯಾಪ್‌ಟಾಪ್‌ನ ವಾರಂಟಿ ಎಂಟು ತಿಂಗಳ ಹಿಂದೆಯೇ ಶುರುವಾಗಿದ್ದರೆ ಅಂದೇ ದೂರು ಕೊಡಿ. ಎಸ್‌ಎಸ್‌ಡಿ ಆದರೆ "ಕ್ರಿಸ್ಟಲ್‌ಡಿಸ್ಕ್‌ಇನ್ಫೊ" ತಂತ್ರಾಂಶ ಅದು ಈವರೆಗೆ ಎಷ್ಟು ಗಂಟೆ ಓಡಿದೆ ಎಂದು ಹೇಳುತ್ತದೆ. ಹೊಸದಕ್ಕೆ ಸಾವಿರಾರು ಗಂಟೆ ಇರಲಾರದು.

ತಪ್ಪಾದರೆ ಯಾರ ಬಾಗಿಲು?

ಇಲ್ಲಿ ಎರಡು ದಾರಿ ಇವೆ. ಯಾವುದು ಯಾವುದಕ್ಕೆ ಎಂದು ಗೊತ್ತಿರಬೇಕು.

ಅಂಗಡಿ ನಿಜವಾದದ್ದು, ವಸ್ತುವಿನಲ್ಲಿ ದೋಷವಿದೆ ಎಂದಾದರೆ ಅದು ಗ್ರಾಹಕ ದೂರು. ದೋಷವಿರುವ, ನಕಲಿಯಾದ, ಅಥವಾ ಹೇಳಿದಂತಿಲ್ಲದ ವಸ್ತುವನ್ನು ವಾಪಸ್ ಪಡೆಯುವುದಿಲ್ಲ ಎಂದು ಮಾರಾಟಗಾರರು ಹೇಳುವಂತಿಲ್ಲ. ತಾಣದ ನಿಯಮದಲ್ಲಿ "ನೋ ರಿಟರ್ನ್" ಎಂದು ಬರೆದಿದ್ದರೂ ಅಷ್ಟೇ. ಮೊದಲು ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರು 48 ಗಂಟೆಯೊಳಗೆ ದೂರು ತಲುಪಿತೆಂದು ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಹಾಸನದಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಮಾರಿದವರು ಕೋಲ್ಕತ್ತದಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದೊಡ್ಡ ಅನುಕೂಲ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. 2025ರ ಜನವರಿ 1ರಿಂದ "ಇ-ಜಾಗೃತಿ" ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ನಮ್ಮಲ್ಲಿ ಬಹುತೇಕರಿಗೆ 18 ತುಂಬಿಲ್ಲ, ನಮ್ಮ ಪರವಾಗಿ ತಂದೆ ಅಥವಾ ತಾಯಿ ದೂರು ಕೊಡಬಹುದು.

ಅಂಗಡಿಯೇ ಸುಳ್ಳು ಎಂದಾದರೆ ಅದು ಅಪರಾಧ. ಕೂಡಲೇ 1930ಕ್ಕೆ ಕರೆ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸುತ್ತಲೇ ಇರುತ್ತಾರೆ. ಅದು ಹೊರಗೆ ಹೋಗುವ ಮುನ್ನ ತಿಳಿಸಿದರೆ ತಡೆಹಿಡಿಯಬಹುದು. ಮೊದಲ ಒಂದೆರಡು ಗಂಟೆಯೇ ಮುಖ್ಯ. ನಾನು ಆರು ದಿನ ಕಾದೆ. ಮನೆಯಲ್ಲಿ ಹೇಳಲು ಹೆದರಿದ್ದೇ ಅದಕ್ಕೆ ಕಾರಣ. ನಿಮಗೆ ಹೀಗಾದರೆ ದಯವಿಟ್ಟು ಹೆದರಿ ಕೂರಬೇಡಿ. ಅಬ್ಬಾ, ಅಮ್ಮಿ, ಅಣ್ಣ, ಕಾಲೇಜಿನ ಉಪನ್ಯಾಸಕರು ಹೀಗೆ ಯಾರಿಗಾದರೂ ಅದೇ ಗಂಟೆಯಲ್ಲಿ ಹೇಳಿ.

ಕೊನೆಗೆ ನಾನು ಮಾಡಿದ್ದು

ಹೊಸ ಲ್ಯಾಪ್‌ಟಾಪ್‌ಗೆ ಹಣ ಉಳಿದಿರಲಿಲ್ಲ. ಅಣ್ಣನ ಹಳೆಯದಕ್ಕೇ ಎಸ್‌ಎಸ್‌ಡಿ ಮತ್ತು ರ‍್ಯಾಮ್ ಹಾಕಿಸೋಣ ಎಂದು ಸರ್ ಹೇಳಿದರು. ಎಸ್‌ಎಸ್‌ಡಿಯನ್ನು ಆನ್‌ಲೈನಲ್ಲೇ ತರಿಸಿದೆ. ಈ ಸಲ ಮಾರಾಟಗಾರರ ಹೆಸರು, ಜಿಎಸ್‌ಟಿ, ವಾರಂಟಿ ಎಲ್ಲ ನೋಡಲು ಎರಡು ಸಂಜೆ ಹಿಡಿಯಿತು. ರ‍್ಯಾಮ್‌ಗೆ ಹಾಸನದ ಅಂಗಡಿಗೇ ಹೋದೆವು. ಆನ್‌ಲೈನ್‌ಗಿಂತ 350 ರೂಪಾಯಿ ಹೆಚ್ಚಾಯಿತು. ಆದರೆ ಅವರು ಲ್ಯಾಪ್‌ಟಾಪ್ ಬಿಚ್ಚಿ, ಹಾಕಿ, ಆನ್ ಮಾಡಿ ತೋರಿಸಿದ ಮೇಲೆ ಹಣ ತೆಗೆದುಕೊಂಡರು, ಬಿಲ್ ಕೊಟ್ಟರು. ಅಬ್ಬಾಗೆ ಆ ಅಂಗಡಿಯವರ ಮುಖ ಗೊತ್ತಾಯಿತು. ಆ 350 ದುಬಾರಿ ಎಂದು ಅವರು ಒಮ್ಮೆಯೂ ಹೇಳಿಲ್ಲ. ಈ ಲೇಖನವನ್ನು ಟೈಪ್ ಮಾಡಿದ್ದೂ ಅದೇ ಲ್ಯಾಪ್‌ಟಾಪ್‌ನಲ್ಲಿ.

ಹಣ ಕೊಡುವ ಮುನ್ನ ಕೇಳಬೇಕಾದ ಏಳು ಪ್ರಶ್ನೆಗಳನ್ನು ಇಲ್ಲಿ ಕೊಟ್ಟಿದ್ದೇನೆ. ಕತ್ತರಿಸಿ ನೋಟ್‌ಬುಕ್‌ಗೆ ಅಂಟಿಸಿಕೊಳ್ಳಿ.

1. ಮಾರುವವರ ಪೂರ್ತಿ ಹೆಸರು, ವಿಳಾಸ ತಾಣದಲ್ಲಿದೆಯೇ?
2. ಜಿಎಸ್‌ಟಿ ಸಂಖ್ಯೆ ಚಾಲ್ತಿಯಲ್ಲಿದೆಯೇ, ಹೆಸರು ಹೊಂದುತ್ತದೆಯೇ?
3. ಬೇರೆ ನಾಲ್ಕು ಕಡೆಯ ಬೆಲೆಗೆ ಹೋಲಿಸಿದರೆ ನಂಬುವಂತಿದೆಯೇ?
4. ವಾರಂಟಿ ಕಂಪನಿಯದೋ, ಮಾರಾಟಗಾರರದೋ?
5. ವಾಪಸ್ ಕೊಟ್ಟರೆ ಹಣ ಬರುತ್ತದೆಯೇ, ನಮ್ಮ ಪಿನ್‌ಕೋಡ್‌ನಿಂದ ಒಯ್ಯುತ್ತಾರೆಯೇ?
6. ತೆರಿಗೆ ಸಹಿತ ಬಿಲ್ ನಮ್ಮ ಹೆಸರಿಗೆ ಬರುತ್ತದೆಯೇ?
7. ಹಣ ಹೋಗುತ್ತಿರುವುದು ಅಂಗಡಿಯ ಹೆಸರಿಗೋ, ಯಾರೋ ವ್ಯಕ್ತಿಯ ಹೆಸರಿಗೋ?

ಏಳರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಅವತ್ತು ಕೊಳ್ಳಬೇಡಿ. ನಾನು ಅಂದು ಏಳನೆಯದನ್ನು ಒಂದನ್ನೇ ಕೇಳಿಕೊಂಡಿದ್ದರೂ ಸಾಕಿತ್ತು.